ಎತ್ತಿಟ್ಟ ಬೀಜದ ಕಾಯಿ

ಮೊನ್ನೆ ಭಾನುವಾರ ಬೆಳಿಗ್ಗೆ ಮೂಗಿಗೆ ಬಡಿದದ್ದು ಸೆಂಟು ರಬ್ಬರಿನ ವಾಸನೆ. ಮಕ್ಕಳು ಪೆನ್ಸಿಲ್ ಗೀಟು ಅಳಿಸುವ, ಹಣ್ಣಿನ ಪರಿಮಳದ ಅಗ್ಗದ ರಬ್ಬರು. ನನ್ನ ಕಂಪ್ಯೂಟರಿಗೆ ಹೊಸ ವಿಂಡೋಸ್ ಒಗ್ಗುವುದಿಲ್ಲವೆಂದು ತಿಂಗಳುಗಟ್ಟಲೆ ಪರದೆಯ ಮೇಲೆ ಎಚ್ಚರಿಕೆ ಬರುತ್ತಿತ್ತು. ಬೇಸತ್ತು ವಿಂಡೋಸಿನ ಬದಲು ಹಾಕಬಹುದಾದ ಹೊಸದೊಂದು ಲಿನಕ್ಸನ್ನು ಪೆನ್ ಡ್ರೈವಿಗೆ ಇಳಿಸಿಕೊಂಡು ಪರೀಕ್ಷಿಸಲು ಕುಳಿತರೆ ಯಂತ್ರ ನಾಲ್ಕು ಸಲ ಕೀಂ ಎಂದು ಕೂಗಿ ನಿಂತುಹೋಯಿತು. ಡಬ್ಬಿ ಬಿಚ್ಚಿದೆ, ರ‍್ಯಾಮ್ ಎಂಬ ನೆನಪಿನ ಪಟ್ಟಿ ಕಿತ್ತೆ, ಅದರ ಹೊಳೆಯುವ ಅಂಚನ್ನು ಕಿಲುಬು ಹೋಗುವಂತೆ ರಬ್ಬರಿನಿಂದ ಉಜ್ಜಿದೆ. ಕೈ ತಾನಾಗಿಯೇ ಮಾಡಿತು. ಇದನ್ನು ಕಲಿಸಿದವರು ಯಾರೆಂಬುದು ಉಜ್ಜಿ ಮುಗಿದ ಮೇಲೆ ನೆನಪಾಯಿತು...

ಮಧುಗಿರಿಯ ಬಸ್ ಸ್ಟ್ಯಾಂಡಿನ ಹಿಂದಿನ ಸಂದಿಯಲ್ಲಿ ಅವರದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇತ್ತು. ದೊಡ್ಡೇರಿ ಕಡೆಯವರು. ಎಸ್ಸೆಸ್ಸೆಲ್ಸಿಗೆ ಓದು ನಿಂತಿತ್ತು. ಬಹಳ ವರ್ಷ ಕಡ್ಲೆಕಾಯಿ ಮಂಡಿಯಲ್ಲಿ ದುಡಿದು, ನಡುವಯಸ್ಸಿನಲ್ಲಿ ಈ ಕೆಲಸ ಕಲಿತಿದ್ದರು. ಅಂಗಿಯ ಜೇಬಿನಲ್ಲಿ ಸದಾ ಎರಡು ಸೆಂಟು ರಬ್ಬರು. ಅವರ ಹೆಂಡತಿ ಅಲ್ಲೇ ಪಕ್ಕದಲ್ಲಿ ಕುಳಿತು ಅರ್ಜಿ ಟೈಪ್ ಮಾಡುತ್ತಿದ್ದರು.

“ಮನೇಲೂ ಇದೇ ಕತೆ ಸಾರ್. ಟಿವಿ ರಿಮೋಟೂ ಬಿಟ್ಟಿಲ್ಲ, ಉಜ್ಜಿದ್ದೇ ಉಜ್ಜಿದ್ದು,” ಎಂದು ಆಕೆ ಒಮ್ಮೆ ದೂರಿದರು.

“ನಿನ್ ತಲೆ ಒಂದ್ ಉಜ್ಜಿಲ್ಲ ಕಣಮ್ಮಿ. ಅದ್ಕೇ ಆಗಾಗ ನಿಂತೋಯ್ತದೆ,” ಎಂದರು ಅಂಗಡಿಯವರು, ಸ್ಕ್ರೂಡ್ರೈವರಿನಿಂದ ಕಣ್ಣು ಎತ್ತದೆ.

ಯಾರ ಯಂತ್ರ ಬಂದರೂ ಅದಕ್ಕೆ ಕೈಹಚ್ಚುವ ಮೊದಲು ಅದರಲ್ಲಿದ್ದುದನ್ನೆಲ್ಲ ಒಂದು ಕಡೆ ನಕಲು ಮಾಡಿ ಇಡುವುದು ಅವರ ಪದ್ಧತಿ. ಕೇಳಿದರೆ, “ಮಂಡಿಗ್ ಹಾಕಾಕ್ ಮುಂಚೆ ಬೀಜದ ಕಾಯಿ ಬ್ಯಾರೆ ಎತ್ತಿಡಲ್ವಾ ಮೇಷ್ಟ್ರೇ, ಅಂಗೇ ಇದೂವೆ,” ಎನ್ನುತ್ತಿದ್ದರು. ಈ ಮಾತು ನನಗೆ ಗೊತ್ತಿತ್ತು. ಗೊತ್ತಿದ್ದೂ...

ಆಗ ನಾನು ಕಾಲೇಜಿನಲ್ಲಿ ಪಾಠ ಹೇಳುತ್ತ ಪಿಎಚ್.ಡಿ. ಮಾಡುತ್ತಿದ್ದೆ. ಪಾವಗಡ ಸೀಮೆಯಲ್ಲಿ ಬಾವಿ ತೋಡಿದ ದಿನಗಳನ್ನು ಅಲ್ಲಿನ ಮುದುಕಿಯರ ಬಾಯಲ್ಲಿ ಕೇಳಿ ದಾಖಲಿಸುವ ಕೆಲಸ. ಕ್ಯಾತಗಾನಚೆರ್ಲಿನ ನನ್ನ ದೊಡ್ಡಮ್ಮನ ಮಾತನ್ನೂ ಹಿಡಿದಿಟ್ಟಿದ್ದೆ. ತಮಾಷೆಯೆಂದರೆ, ಆ ಪ್ರಬಂಧದ ಮೊದಲ ಅಧ್ಯಾಯವನ್ನೇ ನಾನು ಬಾಯಿಮಾತನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬ ಅನುಮಾನಕ್ಕೆ ಮೀಸಲಿಟ್ಟಿದ್ದೆ. ಜನ ತಮಗೆ ಬೇಕಾದಂತೆ ನೆನಪನ್ನು ತಿದ್ದಿಕೊಳ್ಳುತ್ತಾರೆ ಎಂದು ಬರೆದಿದ್ದೆ.

ಧ್ವನಿಮುದ್ರಣಗಳೆಲ್ಲ ಡಿ ಡ್ರೈವಿನಲ್ಲಿದ್ದವು. ಇನ್ನೊಂದು ಪ್ರತಿ ಇರಲಿಲ್ಲ. ಯಂತ್ರಕ್ಕೆ ವೈರಸ್ ಹಿಡಿದಾಗ ಅವರಲ್ಲಿಗೆ ಹೊತ್ತೊಯ್ದೆ. ಡಿಸ್ಕಿನ ಒಂದು ಭಾಗಕ್ಕೆ, ವೈರಸ್ ಕಾಟವಿಲ್ಲದ ಲಿನಕ್ಸ್ ಹಾಕಿಕೊಡುವುದಾಗಿ ಅವರು ಹೇಳಿದರು. ನಾನು ಹೂಂ ಎಂದೆನೇ? ಈಗ ಆಣೆ ಮಾಡಿ ಹೇಳಲಾರೆ. ಮನೆಗೆ ತಂದು ಎಂದಿನಂತೆ ವಿಂಡೋಸ್ ತೆರೆದರೆ ಡಿ ಡ್ರೈವೇ ಇಲ್ಲ!

ಅಂಗಡಿಗೆ ಓಡಿದೆ. ಏಳೆಂಟು ಮಂದಿ ಗಿರಾಕಿಗಳಿದ್ದರು. ಅವರೆದುರಿಗೇ ಕೂಗಾಡಿದೆ. ನನ್ನ ನೆನಪಿನಲ್ಲಿ ಅವರು ಹಲ್ಲು ಬಿಟ್ಟು, “ಹೋಯ್ತು ಬುಡಿ ಮೇಷ್ಟ್ರೇ,” ಎಂದರು. ಅವರ ದನಿ, ಜೇಬಿನ ರಬ್ಬರು, ಹಿಂದೆ ತಿರುಗುತ್ತಿದ್ದ ಫ್ಯಾನು, ಎಲ್ಲವೂ ಕಣ್ಣಿಗೆ ಕಟ್ಟಿದಂತಿವೆ. ಲಿನಕ್ಸಿನ ಗೊಡವೆಗೇ ಹೋಗದೆ, ಬೇರೆ ಊರಿನ ಅಂಗಡಿಯಲ್ಲಿ ಸಿ ಡ್ರೈವಿಗಷ್ಟೇ ವಿಂಡೋಸನ್ನು ಮತ್ತೆ ಹಾಕಿಸಿಕೊಂಡೆ. ಆ ಸಂದಿಗೆ ಮತ್ತೆ ಕಾಲಿಡಲಿಲ್ಲ. ದೊಡ್ಡಮ್ಮ ಆ ವರ್ಷವೇ ತೀರಿಕೊಂಡರು. ಪಿಎಚ್.ಡಿ. ಅಲ್ಲಿಗೇ ನಿಂತಿತು.

ಯಾಕೆ ನಿಂತಿತೆಂದು ಕೇಳಿದವರಿಗೆಲ್ಲ ಈ ಕತೆ ಹೇಳಿದೆ. ಕೊರಟಗೆರೆಯ ಸ್ಟಾಫ್ ರೂಮಿನಲ್ಲಿ, ಸಿರಾದ ಗೆಳೆಯರ ಮನೆಯಲ್ಲಿ, ತೋವಿನಕೆರೆಯ ಒಂದು ಮದುವೆಯಲ್ಲಿ ಕೂಡ. “ಹೋಯ್ತು ಬುಡಿ” ಎನ್ನುವಾಗ ಅವರ ದನಿಯನ್ನು ಅನುಕರಿಸುತ್ತಿದ್ದೆ. ಜನ ನಗುತ್ತಿದ್ದರು.

ಮೊನ್ನೆ ಉಜ್ಜಿದ ಪಟ್ಟಿಯನ್ನು ಸಿಕ್ಕಿಸಿದ ಮೇಲೆ ಹೊಸ ಲಿನಕ್ಸ್ ಚೆನ್ನಾಗಿಯೇ ತೆರೆದುಕೊಂಡಿತು. ಇನ್ನೂ ಯಂತ್ರದೊಳಗೆ ಹಾಕಿರಲಿಲ್ಲ, ಪೆನ್ ಡ್ರೈವಿನಿಂದಲೇ ಓಡಿಸಿ ನೋಡುತ್ತಿದ್ದೆ. ಆ ಹಳೆಯ ಯಂತ್ರದ ಹಾರ್ಡ್ ಡಿಸ್ಕನ್ನು ಎಸೆಯಲು ಮನಸ್ಸಾಗದೆ ಈ ಡಬ್ಬಿಯೊಳಗೂ ಸೇರಿಸಿಕೊಂಡು ಬಂದಿದ್ದೆ. ಪರದೆಯ ಎಡಗಡೆ ಡಿಸ್ಕಿನ ಭಾಗಗಳ ಪಟ್ಟಿ ಮೂಡಿತು. ಅದರಲ್ಲಿ ಇಷ್ಟು ವರ್ಷ ವಿಂಡೋಸಿನಲ್ಲಿ ಕಾಣದ ಹೆಸರೊಂದಿತ್ತು. ಇಂಗ್ಲಿಷ್ ಅಕ್ಷರಗಳಲ್ಲಿ, ‘ಬೀಜ’.

ಒತ್ತಿದೆ. ಒಳಗೆ ‘ಮೇಷ್ಟ್ರು’ ಎಂಬ ಫೋಲ್ಡರು. ಅದರೊಳಗೆ ನನ್ನ ಧ್ವನಿಮುದ್ರಣಗಳು, ನಾನೇ ಇಟ್ಟ ಹೆಸರುಗಳಲ್ಲಿ, ಒಂದೂ ಬಿಡದೆ. ಒಂದನ್ನು ತೆರೆದೆ.

“ನೀಳ್ಳು ಬಿದ್ ದಿನ ನಾನೂ ನಮ್ಮತ್ತೇನೂ ಬಾವಿ ಕಟ್ಟೆ ಮ್ಯಾಲ್ ಕುಂತು ಅತ್ಬುಟ್ವಿ ಕಣ್ಲಾ,” ಎಂದರು ದೊಡ್ಡಮ್ಮ. ನೀರಿಗೆ ಅವರು ತೆಲುಗಿನಂತೆ ನೀಳ್ಳು ಎಂದೇ ಹೇಳುತ್ತಿದ್ದರು. ಆಮೇಲೆ, “ಲೇ, ಕೇಳಿಸ್ಕತಾ ಇದೀಯಾ, ಇಲ್ಲ ಸುಮ್ಕೆ ತಲೆ ಆಡಿಸ್ತಾ ಇದೀಯಾ?”

ಆ ಬಾವಿಯಿದ್ದ ಹೊಲದ ಮೇಲೆ ಈಗ ಸೋಲಾರ್ ಫಲಕಗಳು. ನನಗೆ ಅಳು ಬರಬೇಕಿತ್ತು. ಬರಲಿಲ್ಲ, ಭಯವಾಯಿತು. ಫೋಲ್ಡರಿನ ಮೇಲಿದ್ದ ತಾರೀಖು, ನಾನು ಯಂತ್ರವನ್ನು ಮನೆಗೆ ತರುವ ಹಿಂದಿನ ದಿನದ್ದು. ಎಲ್ಲವನ್ನೂ ಜೋಪಾನವಾಗಿ ಲಿನಕ್ಸಿನ ಭಾಗದಲ್ಲಿ ಇಟ್ಟು, ಅದಕ್ಕೆ ಹೆಸರನ್ನೂ ಕೊಟ್ಟಿದ್ದ ಮನುಷ್ಯ “ಹೋಯ್ತು ಬುಡಿ” ಎಂದು ಹೇಗೆ ಹೇಳಿಯಾರು? ವಿಂಡೋಸಿನ ಕಣ್ಣಿಗೆ ಆ ಭಾಗ ಬೀಳುವುದಿಲ್ಲವೆಂದು ಹೇಳಲು ಹೊರಟಿದ್ದರೇ? ನಾನು ಹೇಳಗೊಡಲಿಲ್ಲವೇ? ಹಾಗಾದರೆ ಆ ಮಾತು ಆಡಿದವರು ಯಾರು? ಅದನ್ನು ನಾನು ಕೇಳಿದ್ದೇನೆ... ಕೇಳಿದ್ದೇನೆಂದೇ ಈಗಲೂ ಅನ್ನಿಸುತ್ತದೆ.

ಅಂಗಡಿಯವರು ತೀರಿಹೋಗಿ ನಾಲ್ಕು ವರ್ಷವಾಯಿತು. ಸುದ್ದಿ ತಿಳಿದಿದ್ದರೂ ಮಣ್ಣಿಗೆ ಹೋಗಿರಲಿಲ್ಲ. ಸೋಮವಾರ ಆ ಸಂದಿಗೆ ಹೋದೆ. ಅದೇ ಅಂಗಡಿಯಲ್ಲಿ ಅವರ ಹೆಂಡತಿ ಜೆರಾಕ್ಸ್ ಯಂತ್ರ ಇಟ್ಟುಕೊಂಡಿದ್ದಾರೆ. ನನ್ನ ಗುರುತು ಸಿಕ್ಕಿತು. ಡಿಸ್ಕಿನಲ್ಲಿ ಕಂಡದ್ದನ್ನೆಲ್ಲ ಹೇಳಿದೆ. ಆಕೆಗೆ ಆಶ್ಚರ್ಯವೇನೂ ಆಗಲಿಲ್ಲ.

“ಎತ್ತಿಟ್ಟೇ ಇರ್ತಾರೆ ಬುಡಿ ಸಾರ್. ಎತ್ತಿಡ್ದೆ ಮುಟ್ಟೋರಲ್ಲ ಅವ್ರು.”

“ಆವತ್ತು ನಾನು ಬಂದು ಗಲಾಟೆ ಮಾಡಿದಾಗ ಅವರು ಏನಂದ್ರು, ಅಮ್ಮ?”

ಆಕೆ ಕಾಗದದ ಕಟ್ಟನ್ನು ಮೇಜಿಗೆ ಕುಟ್ಟಿ ಸಮ ಮಾಡುತ್ತಿದ್ದರು. “ಅವ್ರೇನಂದ್ರೋ ನೆಪ್ಪಿಲ್ಲ ಸಾರ್. ನೀವ್ ಅಂದಿದ್ ನೆಪ್ಪೈತೆ.”

“ಏನಂದೆ?”

“ಕಡ್ಲೆಕಾಯಿ ಮೂಟೆ ಹೊರೋರ್ ಕೈಗೆ ಕಂಪ್ಯೂಟರ್ ಕೊಟ್ಟಿದ್ದು ನನ್ ತಪ್ಪು ಅಂದ್ರಿ.”

ಇಷ್ಟು ವರ್ಷ ನಾನು ಹೇಳಿಕೊಂಡು ಬಂದ ಕತೆಯಲ್ಲಿ ಆ ವಾಕ್ಯ ಇರಲೇ ಇಲ್ಲ. ಇಲ್ಲವೆಂದು ವಾದಿಸಲು ಬಾಯಿ ತೆರೆದೆ. ಆದರೆ ಆಕೆ ಹೇಳಿದ್ದು ನನ್ನದೇ ವಾಕ್ಯದಂತಿತ್ತು.

“ಅವ್ರ್ ನಾಲ್ಕ್ ದಿನ ನಿಮ್ ದಾರಿ ನೋಡಿದ್ರು. ಕ್ವಾಪ ಇಳಿದ್ಮ್ಯಾಲೆ ಬತ್ತಾರೆ, ಬಂದಾಗ ತೋರಿಸ್ಕೊಡ್ತೀನಿ ಅಂತಿದ್ರು,” ಎಂದು ಆಕೆ ಮುಂದಿನ ಗಿರಾಕಿಯ ಆಧಾರ್ ಕಾರ್ಡಿಗೆ ಕೈ ಚಾಚಿದರು.

ಈಗ ನನ್ನ ಮೇಜಿನ ಮೇಲೆ ಕಂಪ್ಯೂಟರ್ ಓಡುತ್ತಿದೆ. ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ ಹೊಸ ಲಿನಕ್ಸ್ ಹಾಕಲೇ ಎಂದು ಅದು ಕೇಳಿ ಮೂರು ದಿನವಾಯಿತು, ನಾನು ಉತ್ತರ ಕೊಟ್ಟಿಲ್ಲ. ಮೊದಲು ದೊಡ್ಡಮ್ಮನ ಮಾತುಗಳನ್ನು ಬೇರೆ ಕಡೆ ಎತ್ತಿಟ್ಟೆ. ಆಮೇಲೆ ಇದನ್ನು ಬರೆಯಲು ಕುಳಿತೆ. ಇನ್ನೊಂದು ವಾರ ಕಳೆದರೆ ಆಕೆ ಹೇಳಿದ ಮಾತನ್ನೂ ನಾನು ತಿದ್ದಿಕೊಂಡುಬಿಡಬಹುದು. ಅವರು ಕಾದದ್ದು ನಾಲ್ಕೇ ದಿನವೋ, ಇನ್ನೂ ಹೆಚ್ಚೋ... ಕೇಳೋಣವೆಂದರೆ ಅವರಿಲ್ಲ. ಬೆರಳಿನಲ್ಲಿ ರಬ್ಬರಿನ ವಾಸನೆ ಇನ್ನೂ ಹೋಗಿಲ್ಲ.