ಚಳಿಗಾಲಕ್ಕೆ ಮಲಗಿಸಿದ ಬೈಕು

ಬಸುರಿನ ಹೊಟ್ಟೆ ಬೈಕಿನ ಟ್ಯಾಂಕಿಗೆ ತಾಕುವ ದಿನ ಬೈಕು ಓಡಿಸುವುದನ್ನು ನಿಲ್ಲಿಸುತ್ತೇನೆ ಎಂದು ನಾನೇ ಮಾತು ಕೊಟ್ಟಿದ್ದೆ. ಆಗಸ್ಟಿನ ಒಂದು ಬೆಳಿಗ್ಗೆ ಅದು ತಾಕಿತು. ಗ್ಯಾರೇಜಿನಲ್ಲಿ ಹೆಲ್ಮೆಟ್ಟು ಹಾಕಿಕೊಂಡು ಕೂತವಳು ಹಾಗೇ ಇಳಿದು ಒಳಗೆ ಹೋಗಿ, "ರೀ, ನನ್ನನ್ನೂ ಆಫೀಸಿಗೆ ಬಿಟ್ಟುಬಿಡಿ" ಎಂದೆ. ನನ್ನ ಗಂಡ ಕಾಫಿ ಲೋಟ ಕೆಳಗಿಟ್ಟು ಕಾರಿನ ಕೀ ತೆಗೆದುಕೊಂಡರು. ಮುಖದ ಮೇಲಿನ ಸಂತೋಷವನ್ನು ಮುಚ್ಚಿಡಲು ಅವರು ಪಡುತ್ತಿದ್ದ ಪಾಡು ನೋಡಿ ನನಗೆ ಮೈಯೆಲ್ಲ ಉರಿಯಿತು.

ಅದು ಇಂಟರ್ನೆಟ್ ಕಂಪನಿಗಳ ಡಾಟ್‌ಕಾಮ್ ಭರಾಟೆ ಜೋರಾಗಿದ್ದ ಕಾಲ. ಮಿಲ್ಪಿಟಾಸಿನ ನಮ್ಮ ಟೌನ್‌ಹೌಸಿನಿಂದ ನಾನು ಕೆಲಸ ಮಾಡುತ್ತಿದ್ದ ಎಲೆಕ್ಟ್ರಾನಿಕ್ಸ್ ಕಂಪನಿ ಅಷ್ಟೇನೂ ದೂರವಿರಲಿಲ್ಲ. ಆದರೆ ಬೆಳಿಗ್ಗೆ ಫ್ರೀವೇಗೆ ಇಳಿದರೆ ಕಾರುಗಳು ಅಲ್ಲಾಡುತ್ತಿರಲಿಲ್ಲ. ಪ್ರಪಂಚದ ಎಂಜಿನಿಯರುಗಳೆಲ್ಲ ಅದೇ ರಸ್ತೆಯಲ್ಲಿ, ಅದೇ ಹೊತ್ತಿಗೆ ಬಂದು ನಿಂತಿರುತ್ತಿದ್ದರು. ಅಲ್ಲಿ ಬೈಕಿನವರು ಎರಡು ಸಾಲು ಕಾರುಗಳ ನಡುವೆ ನುಸುಳಿಕೊಂಡು ಹೋದರೆ ಪೊಲೀಸರೂ ಸುಮ್ಮನಿರುತ್ತಾರೆ. ಹಾಸನದ ಬಸ್ ಸ್ಟ್ಯಾಂಡಿನ ಮುಂದೆ ಆಟೋ, ಹಸು, ತಳ್ಳುಗಾಡಿಗಳ ನಡುವೆ ಅಪ್ಪನ ಬೈಕು ಓಡಿಸಿ ಕಲಿತವಳಿಗೆ ಅದು ನೀರು ಕುಡಿದಷ್ಟು ಸುಲಭ. ನಿಂತ ಕಾರುಗಳಲ್ಲಿ ಜೋತುಬಿದ್ದ ಮುಖಗಳನ್ನು ನೋಡುತ್ತ ನಾನು ಮುಂದೆ ಹೋಗುತ್ತಿದ್ದೆ. ನಿಜ ಹೇಳುತ್ತೇನೆ, ದಿನದಲ್ಲಿ ನನ್ನನ್ನು ಯಾರೂ ಏನೂ ಕೇಳದೆ ಬಿಡುತ್ತಿದ್ದ ಹೊತ್ತು ಅದೊಂದೇ. ಆಫೀಸಿಗೆ ತಲುಪಿದರೆ ಮ್ಯಾನೇಜರು, ಮನೆಗೆ ತಲುಪಿದರೆ ಅಡುಗೆ. ನಡುವಿನ ಆ ದಾರಿ ಮಾತ್ರ ನನ್ನದಾಗಿತ್ತು.

ಬೈಕೇನೂ ದೊಡ್ಡದಲ್ಲ. ಹಳೆಯ ಜಪಾನಿ ಬೈಕು, ಕೆಂಪು ಬಣ್ಣ, ಸೀಟಿನ ಒಂದು ಕಡೆ ಟೇಪು ಅಂಟಿಸಿತ್ತು. ಆದರೆ ನಮ್ಮ ಕನ್ನಡದವರೆಲ್ಲ ಒಂದೊಂದು ಅಡುಗೆ ತಂದು ಸೇರುವ ಪಾಟ್‌ಲಕ್ ಊಟಗಳಲ್ಲಿ ಅದರದೇ ಮಾತು. ಗಂಡಸರು ಒಂದು ಮೂಲೆಯಲ್ಲಿ ಷೇರು, ಐಪಿಒ ಎಂದು ಗುಂಪು ಕಟ್ಟಿದ್ದರೆ, ಹೆಂಗಸರು ಬಿಸಿಬೇಳೆಬಾತಿನ ತಟ್ಟೆ ಹಿಡಿದು ನನ್ನನ್ನು ಸುತ್ತುವರಿಯುತ್ತಿದ್ದರು. "ಮಗು ಆದ್ಮೇಲೂ ಓಡಿಸ್ತೀರಾ? ಸುಮ್ನೆ ಮಾರ್ಬಿಡಿ, ಮಿನಿವ್ಯಾನು ತಗೊಳ್ಳಿ." ಮಿನಿವ್ಯಾನು ಎಂಬ ಶಬ್ದ ಕಿವಿಗೆ ಬಿದ್ದರೆ ನಾನು ತಟ್ಟೆ ಹಿಡಿದು ಅಲ್ಲಿಂದ ಜಾರಿಕೊಳ್ಳುತ್ತಿದ್ದೆ.

ದಾರಿ ತೋರಿಸಿದವನು ನಮ್ಮ ಟೆಸ್ಟ್ ಲ್ಯಾಬಿನ ಒಬ್ಬ ಸಹೋದ್ಯೋಗಿ. ಅವನು ಮಿನೆಸೋಟಾದವನು. ಅಲ್ಲಿ ಚಳಿಗಾಲವಿಡೀ ಮಂಡಿಯುದ್ದ ಹಿಮ ಬೀಳುವುದರಿಂದ ಪ್ರತಿ ವರ್ಷ ಬೈಕನ್ನು ಮಲಗಿಸಿಬಿಡುತ್ತಾರಂತೆ. ಅದಕ್ಕೊಂದು ಕ್ರಮವಿದೆ, ಸರಿಯಾಗಿ ಮಾಡಿದರೆ ವಸಂತದಲ್ಲಿ ಗುಂಡಿ ಒತ್ತಿದ ಕೂಡಲೇ ಎದ್ದು ಕೂರುತ್ತದೆ ಎಂದ. ಹಿಮವೇ ಬೀಳದ ಮಿಲ್ಪಿಟಾಸಿನಲ್ಲಿ ಬೈಕಿಗೆ ಚಳಿಗಾಲದ ನಿದ್ದೆ! ಹೇಳಿದವನಿಗೇ ನಗು ಬಂತು. ನನಗೆ ಮಾತ್ರ ಎದೆ ಹಗುರವಾಯಿತು. ಮಾರುವುದಕ್ಕೂ ಮಲಗಿಸುವುದಕ್ಕೂ ಎಷ್ಟು ವ್ಯತ್ಯಾಸ!

ಮನೆಗೆ ಬಂದು ಗಂಡನಿಗೆ ಹೇಳಿದೆ. ನ್ಯಾಯವಂತ ಮನುಷ್ಯ, ಆದರೆ ಬೈಕು ಎಂದರೆ ಹೆದರುತ್ತಿದ್ದರು. ಕೊನೆಗೆ ಒಂದು ಕರಾರು ಹಾಕಿದರು. "ಸರಿ, ಮಲಗಿಸೋಣ. ಯುಗಾದಿ ದಿನ ಸ್ಟಾರ್ಟ್ ಆದ್ರೆ ಇರ್ಲಿ, ನಾನು ಮತ್ತೆ ಆ ಮಾತು ಎತ್ತಲ್ಲ. ಆಗ್ಲಿಲ್ಲ ಅಂದ್ರೆ ಮಾರ್ಬಿಡ್ಬೇಕು. ಒಪ್ಪಿಗೇನಾ?"

ಒಪ್ಪಿದೆ. ಒಪ್ಪದೆ ಬೇರೆ ದಾರಿ ಇರಲಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಮನೆಯಲ್ಲಿ ಅವರ ಪಕ್ಷಕ್ಕೆ ಇನ್ನೊಂದು ವೋಟು ಬಂದಿತ್ತು. ನನ್ನ ಅಮ್ಮನಿಗೆ ವಿಮಾನವೆಂದರೆ ಭಯ. ಹಾಗಾಗಿ ಬಾಣಂತನಕ್ಕೆಂದು ಮಂಡ್ಯದ ಹತ್ತಿರದ ಹಳ್ಳಿಯಿಂದ ಅತ್ತೆ ಬಂದಿದ್ದರು. ಬಂದ ವಾರವೇ ಗ್ಯಾರೇಜು ನೋಡಿ, "ಇದೇನವ್ವ, ಎಮ್ಮೆ ಕಟ್ಟೋವಷ್ಟು ಜಾಗ ತಿಂತಾ ಐತೆ. ಮಾರ್ಬುಡಿ ಅತ್ಲಾಗೆ. ನಂಗೆ ರಾಗಿ ಮೂಟೆ ಮಡಗಕೆ ಜಾಗ ಬೇಕು" ಎಂದರು.

ರಾಗಿ ಮೂಟೆಯ ವಿಷಯ ಹೇಳಲೇಬೇಕು. ಅಂಗಡಿಯಲ್ಲಿ ಸಿಗುವ ರಾಗಿ ಹಿಟ್ಟಿನ ಮೇಲೆ ಅತ್ತೆಗೆ ನಂಬಿಕೆ ಇರಲಿಲ್ಲ. ಹುಟ್ಟುವ ಕೂಸಿಗೆ ಮೂರು ತಿಂಗಳು ತುಂಬಿದ ಮೇಲೆ ರಾಗಿ ಸರಿ ತಿನ್ನಿಸಬೇಕು. ಅದಕ್ಕೆ ಕಾಳನ್ನು ತಾವೇ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಸೋಸಬೇಕು. ಇಂಡಿಯನ್ ಗ್ರೋಸರಿ ಅಂಗಡಿಯ ಯಜಮಾನರು ಮೈಸೂರಿನ ಮುಸ್ಲಿಮರು, ಅತ್ತೆಯ ಕನ್ನಡ ಕೇಳಿ ಕರಗಿಹೋದರು. "ಅಮ್ಮಾ, ನಿಮಗೋಸ್ಕರ ಕಾಳು ತರಿಸ್ತೀನಿ" ಎಂದವರು ಒಂದು ಮೂಟೆಯನ್ನೇ ತರಿಸಿಕೊಟ್ಟರು. ಅದು ಗ್ಯಾರೇಜಿನಲ್ಲಿ ಬೈಕಿನ ಪಕ್ಕ ಬಂದು ಕೂತಿತು.

ಅಲ್ಲಿ ಚಳಿಗಾಲದಲ್ಲೇ ಬರುವ ಮಳೆ ಶುರುವಾಗುವ ಮುಂಚೆ, ನವೆಂಬರಿನ ಒಂದು ಶನಿವಾರ, ಕೆಲಸ ಶುರುವಾಯಿತು. ನನಗೆ ಬಗ್ಗಲು ಆಗುತ್ತಿರಲಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಕೈಯಲ್ಲೊಂದು ಸೌಟು ಹಿಡಿದು, ಅದರಿಂದಲೇ ತೋರಿಸುತ್ತ ಗಂಡನಿಂದ ಎಲ್ಲ ಮಾಡಿಸಿದೆ. ಮೊದಲು ಬೈಕನ್ನು ತೊಳೆದು ಒರೆಸಿದರು. ಟ್ಯಾಂಕಿನ ತುಂಬ ಹೊಸ ಪೆಟ್ರೋಲು, ಅದು ಕೆಡದಿರಲೆಂದು ಅದರೊಳಗೊಂದು ಔಷಧಿ. ಆಮೇಲೆ ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ, ಬೆಚ್ಚಗಿರುವಾಗಲೇ ಹಳೆಯ ಆಯಿಲು ಇಳಿಸಿ ಹೊಸದು ಹಾಕಬೇಕು. ಕಪ್ಪು ಆಯಿಲು ಮುಂಗೈ ಮೇಲೆ ಹರಿದಾಗ ನನ್ನ ಸಾಫ್ಟ್‌ವೇರ್ ಗಂಡ "ಥೂ" ಎಂದರೇ ಹೊರತು ಕೈ ಹಿಂದೆಗೆಯಲಿಲ್ಲ.

ಕಾರ್ಬುರೇಟರಿನಲ್ಲಿ ಉಳಿದ ಪೆಟ್ರೋಲನ್ನು ತೊಟ್ಟೂ ಬಿಡದೆ ಇಳಿಸಿದರು. ಸ್ಪಾರ್ಕ್ ಪ್ಲಗ್ಗು ಬಿಚ್ಚಿ, ಆ ತೂತಿನೊಳಗೆ ಒಂದು ಚಮಚ ಆಯಿಲು ಬಿಟ್ಟು, ತುಕ್ಕು ಹಿಡಿಯದಂತೆ ಒಳಗೆಲ್ಲ ಸವರಿಕೊಳ್ಳಲೆಂದು ಎಂಜಿನ್ನನ್ನು ನಿಧಾನವಾಗಿ ತಿರುಗಿಸಿದರು.

"ಕೂಸಿಗೆ ಎಣ್ಣೆ ಕುಡ್ಸದಂಗೆ ಕುಡಿಸ್ತಾವ್ನೆ ನೋಡು" ಎಂದರು ಬಾಗಿಲಲ್ಲಿ ನಿಂತಿದ್ದ ಅತ್ತೆ.

ಚೈನಿಗೆ ಎಣ್ಣೆ ಹಚ್ಚಿ, ಬ್ಯಾಟರಿ ಬಿಚ್ಚಿ ಒಳಗಿಟ್ಟರು. ಟಯರುಗಳು ತಣ್ಣನೆಯ ಸಿಮೆಂಟಿನ ಮೇಲೆ ನಿಲ್ಲದಿರಲೆಂದು ಹಲಗೆ ಕೊಟ್ಟರು. ನಾನು ಹದ್ದಿನ ಕಣ್ಣಿಟ್ಟು ನೋಡುತ್ತಿದ್ದೆ. ಈ ಬೈಕು ಏಳದೇ ಹೋದರೆ ಲಾಭವಾಗುವುದು ಅವರಿಗೇ. ಒಂದು ಸ್ಕ್ರೂ ಸಡಿಲ ಬಿಟ್ಟಿದ್ದರೂ ನನಗೆ ಗೊತ್ತಾಗುತ್ತಿರಲಿಲ್ಲವೇನೋ. ಆದರೆ ಆ ಮನುಷ್ಯ, ತಾನು ದ್ವೇಷಿಸುವ ಬೈಕಿನ ಕೆಳಗೆ ಅಂಗಾತ ಮಲಗಿ, ಒಂದೊಂದು ಸ್ಕ್ರೂವನ್ನೂ ಎರಡೆರಡು ಸಲ ಬಿಗಿ ಮಾಡಿದರು. ಅಂದು ನನಗೆ ಅವರ ಮೇಲೆ ಉಕ್ಕಿದ ಪ್ರೀತಿ ಮದುವೆಯ ದಿನವೂ ಉಕ್ಕಿರಲಿಲ್ಲ. ಹಾಗಂತ ಅವರಿಗೆ ಹೇಳಲಿಲ್ಲ, ತಲೆಗೇರೀತು ಎಂದು.

ಕೊನೆಯ ಕೆಲಸ, ತೂತುಗಳನ್ನು ಮುಚ್ಚುವುದು. ಇಲಿ ಹೊಕ್ಕರೆ ಮುಗಿಯಿತು ಎಂದು ಮಿನೆಸೋಟಾದವನು ಒತ್ತಿ ಒತ್ತಿ ಹೇಳಿದ್ದ. ಗಾಳಿ ಹೋಗುವ ಕಡೆ ಬಟ್ಟೆ ತುರುಕಿದೆವು. ಸೈಲೆನ್ಸರಿನ ಬಾಯಿಗೆ ಗ್ರೋಸರಿ ಅಂಗಡಿಯ ಗಟ್ಟಿ ಪ್ಲಾಸ್ಟಿಕ್ ಕವರು ಸುತ್ತಿ, ಅಗಲವಾದ ರಬ್ಬರ್ ಬ್ಯಾಂಡು ಬಿಗಿದೆವು. ಮೇಲೆ ಹಳೆಯ ಬೆಡ್‌ಶೀಟು ಹೊದಿಸಿದೆವು.

ಡಿಸೆಂಬರಿನಲ್ಲಿ ಮಗಳು ಹುಟ್ಟಿದಳು. ಹೊರಗೆ ಬಿಡದೆ ಮಳೆ, ಒಳಗೆ ಬೆಳ್ಳುಳ್ಳಿ, ಮೆಣಸು, ಸಾಂಬ್ರಾಣಿಯ ಘಾಟು. ಸಾಂಬ್ರಾಣಿ ಹೊಗೆಗೆ ಸ್ಮೋಕ್ ಅಲಾರಮ್ಮು ಕೂಗಿಕೊಂಡಾಗೆಲ್ಲ ಗಂಡ ಟವೆಲ್ಲು ಬೀಸುತ್ತ ಓಡುತ್ತಿದ್ದರು. ವಾಷಿಂಗ್ ಮಷೀನು ಗ್ಯಾರೇಜಿನಲ್ಲೇ ಇದ್ದುದರಿಂದ ಅತ್ತೆ ದಿನವೂ ಅಲ್ಲಿಗೆ ಹೋಗುತ್ತಿದ್ದರು. ಡ್ರೈಯರಿಗೆ ಹಾಕಿದರೆ ಬಟ್ಟೆ ಬೇಯುತ್ತದೆ ಎಂಬುದು ಅವರ ಗಟ್ಟಿ ಅಭಿಪ್ರಾಯ. ಕೂಸಿನ ಬಟ್ಟೆಗಳನ್ನೆಲ್ಲ ತಂದು ಬೆಡ್‌ಶೀಟಿನ ಮೇಲಿಂದಲೇ ಬೈಕಿನ ಹ್ಯಾಂಡಲ್ಲಿಗೆ, ಸೀಟಿಗೆ ಹರವುತ್ತಿದ್ದರು. ಒಂದು ದಿನ ನಾನು ಇಣುಕಿದಾಗ ಬೈಕು ಪುಟ್ಟ ಪುಟ್ಟ ಬಿಳಿ ಬಟ್ಟೆಗಳನ್ನು ಹೊತ್ತು ನಿಂತಿತ್ತು. ನೋಡಿ ನಗು ಬಂತು. ಇನ್ನು ಇದರ ಗತಿ ಇಷ್ಟೇ ಏನೋ ಎನಿಸಿತು. ಆದರೆ ಮಗಳು ಎದೆಗೆ ಅಂಟಿಕೊಂಡು ಮಲಗಿದಾಗ ಅದೂ ಮರೆತುಹೋಗುತ್ತಿತ್ತು. ನಾನು ಸುಖವಾಗಿದ್ದೆ. ಬೈಕೂ ಬೇಕಿತ್ತು, ಅಷ್ಟೇ.

ಯುಗಾದಿ ಬರುವ ಹೊತ್ತಿಗೆ ಊರಿನ ಬಣ್ಣವೇ ಬದಲಾಗಿತ್ತು. ಪಾಟ್‌ಲಕ್ಕಿನಲ್ಲಿ ಷೇರಿನ ಮಾತು ನಿಂತು, ಯಾರ ಕಂಪನಿ ಮುಚ್ಚಿತು ಎಂಬ ಮಾತು ಶುರುವಾಗಿತ್ತು. ಫ್ರೀವೇಯಲ್ಲಿ ಕಾರುಗಳು ಸಲೀಸಾಗಿ ಓಡುತ್ತಿದ್ದವು. ನನ್ನ ಗಂಡನ ಮಾತು ಮಾತ್ರ ಬದಲಾಗಿರಲಿಲ್ಲ. ಹಬ್ಬದ ಹಿಂದಿನ ದಿನ ಮೆಲ್ಲಗೆ ಹೇಳಿದರು: "ಮಾರ್ಗನ್ ಹಿಲ್‌ನಲ್ಲಿ ಒಬ್ಬ ಇದಾನೆ. ಕೆಟ್ಟ ಬೈಕುಗಳನ್ನ ತಗೊಂಡು ರಿಪೇರಿ ಮಾಡ್ಕೋತಾನಂತೆ. ಸ್ಟಾರ್ಟ್ ಆಗ್ದಿದ್ರೆ ನಾಳೆ ಸಂಜೆ ಬರ್ತಾನೆ."

ಹಬ್ಬದ ಬೆಳಿಗ್ಗೆ ಬೇವುಬೆಲ್ಲ ತಿಂದು ಎಲ್ಲರೂ ಗ್ಯಾರೇಜಿಗೆ ಬಂದೆವು. ಗಂಡನ ತೋಳಿನಲ್ಲಿ ಮಗಳು, ಅತ್ತೆಯ ಕೈಯಲ್ಲಿ ಹೋಳಿಗೆಯ ಹಿಟ್ಟು ಮೆತ್ತಿದ ಲಟ್ಟಣಿಗೆ. ಬೆಡ್‌ಶೀಟು ಸರಿಸಿ, ಬ್ಯಾಟರಿ ಕೂರಿಸಿ, ತುರುಕಿದ್ದ ಬಟ್ಟೆ ತೆಗೆದು, ಪೆಟ್ರೋಲಿನ ನಲ್ಲಿ ತಿರುಗಿಸಿ ಸ್ಟಾರ್ಟರ್ ಗುಂಡಿ ಒತ್ತಿದೆ. ಎಂಜಿನ್ನು ತಿರುಗಿತು, ಉಸಿರು ಕಟ್ಟಿದಂತೆ ಗೊರಗುಟ್ಟಿ ಸುಮ್ಮನಾಯಿತು. ಮತ್ತೆ ಒತ್ತಿದೆ, ಮತ್ತೆ ಅದೇ. ಒತ್ತುತ್ತ ಒತ್ತುತ್ತ ಬ್ಯಾಟರಿಯ ದನಿಯೂ ಸಣ್ಣಗಾಗತೊಡಗಿತು.

"ಸಾಕು ಬಿಡು" ಎಂದರು ಗಂಡ. ದನಿಯಲ್ಲಿ ಗೆದ್ದ ಜಂಬ ಇರಲಿಲ್ಲ, ಪಾಪ ಎನ್ನುವ ಕರುಣೆ ಇತ್ತು. ಅದಕ್ಕೇ ನನಗೆ ಅಳು ಬಂತು. ಕಣ್ಣೀರು ಕಾಣಿಸಬಾರದೆಂದು ಬೈಕಿನ ಹಿಂದೆ ಹೋಗಿ ಕುಕ್ಕರುಗಾಲಿನಲ್ಲಿ ಕೂತೆ. ಆಗ ಕಂಡಿತು. ನಾನು ಬಿಚ್ಚಲು ಮರೆತಿದ್ದ ಕವರು ಅಲ್ಲಿರಲೇ ಇಲ್ಲ. ಸೈಲೆನ್ಸರಿನ ಬಾಯಿ ತೆರೆದುಕೊಂಡಿತ್ತು.

"ಇಲ್ಲಿ ಕಟ್ಟಿದ್ದ ಕವರ್ ಎಲ್ಲಿ?" ಎಂದು ಕೂಗಿದೆ.

"ಆ ಕವರಾ?" ಎಂದರು ಅತ್ತೆ, ಏನೂ ಆಗದವರಂತೆ. "ಸಂಕ್ರಾಂತಿ ಹೊತ್ಗೇ ಬಿಚ್ಕೊಂಡೆ ಕಣವ್ವ. ಗಟ್ಟಿ ಕವರು, ರಬ್ಬರ್ ಬ್ಯಾಂಡು ಬೇರೆ ಇತ್ತು. ಸುಮ್ಕೆ ಹೊಗೆ ಕೊಳವೆಗೆ ಯಾಕೆ ದಂಡ ಅಂತ ಮೆಣಸಿನಪುಡಿಗೆ ಕಟ್ಟಿವ್ನಿ."

ಸಿಟ್ಟು ನೆತ್ತಿಗೇರಿತು. ಆದರೆ ಬೈಯುವುದು ಹೇಗೆ? ನನ್ನ ಅಡುಗೆಮನೆಯಲ್ಲೂ ಕವರುಗಳನ್ನು ಮಡಿಸಿ ತುಂಬಿಟ್ಟ ಒಂದು ದೊಡ್ಡ ಕವರಿತ್ತು. ಒಳ್ಳೆಯ ಕವರನ್ನು ಸುಮ್ಮನೆ ಬಿಡುವ ಜಾತಿ ನಮ್ಮದಲ್ಲ. ತಂತಿಯ ಹ್ಯಾಂಗರೊಂದನ್ನು ನೆಟ್ಟಗೆ ಮಾಡಿ ಕೊಳವೆಯೊಳಗೆ ಹಾಕಿ ಎಳೆದೆ. ಮೊದಲು ಗೂಡಿನ ಚೂರು ಬಂತು, ಅದರಲ್ಲಿ ಕೂಸಿನ ಬಟ್ಟೆಯ ಬಿಳಿ ಎಳೆಗಳಿದ್ದವು. ಅದರ ಹಿಂದೆ ಸರ್ರನೆ ರಾಗಿ ಸುರಿಯಿತು.

"ಅಯ್ಯೋ, ನನ್ ರಾಗಿ!" ಅತ್ತೆ ಲಟ್ಟಣಿಗೆ ಬಿಟ್ಟು ಮೂಟೆಯ ಕಡೆ ಓಡಿದರು. ಗೋಡೆಯ ಕಡೆಗಿದ್ದ ಮೂಲೆಯಲ್ಲಿ ಇಲಿ ಅಚ್ಚುಕಟ್ಟಾಗಿ ತೂತು ಮಾಡಿತ್ತು. ಸುತ್ತ ಇಷ್ಟು ಜಾಗವಿದ್ದರೂ ಅದು ತನ್ನ ಕಣಜಕ್ಕೆ ನನ್ನ ಸೈಲೆನ್ಸರನ್ನೇ ಆರಿಸಿಕೊಂಡಿತ್ತು.

ಬಂದಷ್ಟು ಕೆರೆದು ತೆಗೆದೆ. ಕಾರಿನಿಂದ ವೈರು ಎಳೆದು ಬ್ಯಾಟರಿಗೆ ಜೀವ ಕೊಟ್ಟವರು ಗಂಡನೇ, ಮಗಳನ್ನು ಅತ್ತೆಯ ಕೈಗೆ ಕೊಟ್ಟು. ಗುಂಡಿ ಒತ್ತಿದೆ. ಬೈಕು ಕೆಮ್ಮಿತು, ಹಿಂದಿನಿಂದ ಒಂದು ಹಿಡಿ ರಾಗಿ ಉಗುಳಿತು, ಮತ್ತೆ ಕೆಮ್ಮಿ, ಹಿಡಿದುಕೊಂಡಿತು. ಸದ್ದು ಮೊದಲು ಒಡೆದು, ನಿಧಾನಕ್ಕೆ ಒಂದೇ ಸಮನಾಯಿತು. ನಾನು ಚಿಕ್ಕ ಹುಡುಗಿಯ ಹಾಗೆ ಕಿರುಚಿದೆ. ಕೊಳವೆ ಕಾಯುತ್ತಿದ್ದ ಹಾಗೆ ಒಳಗೆ ಉಳಿದಿದ್ದ ಕಾಳು ಹುರಿದು, ಗ್ಯಾರೇಜಿನ ತುಂಬ ಹುರಿಹಿಟ್ಟಿನ ಘಮ ಏರಿತು.

ಬಾಗಿಲು ಪೂರ್ತಿ ತೆರೆದೆವು. ಗಂಡ ಬೈಕನ್ನು ನೋಡಿದರು, ನನ್ನನ್ನು ನೋಡಿದರು. ಕರಾರು ಕರಾರೇ ಎಂದು ಅವರಿಗೂ ಗೊತ್ತು. ಆದರೂ ಕೊನೆಯ ಆಸೆಯೊಂದು ಉಳಿದಿತ್ತು. ತಾಯಿಯ ಕಡೆ ತಿರುಗಿ, "ಅವ್ವಾ, ಮೊದಲಿಂದ ಮಾರು ಮಾರು ಅಂತಿದ್ದೋಳು ನೀನೇ. ನೀನಾದ್ರೂ ಒಂದು ಮಾತು ಹೇಳು" ಎಂದರು.

ಅತ್ತೆ ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು, ನೆಲದ ಮೇಲೆ ಚೆಲ್ಲಿದ್ದ ರಾಗಿಯನ್ನೂ ಗುಡುಗುಡು ಎನ್ನುತ್ತಿದ್ದ ಬೈಕನ್ನೂ ನೋಡಿದರು.

"ಈ ಗಾಡಿ ಮನೆ ರಾಗಿ ತಿಂದೈತೆ ಕಣ್ಲಾ" ಎಂದರು. "ಮನೇಲಿ ಉಂಡೋರ್ನ ಯಾರಾದ್ರೂ ಮಾರ್ತಾರಾ? ಹೋಗು, ಆ ಮಾರ್ಗನ್ ಹಿಲ್ಲವನ್ಗೆ ಬರಬ್ಯಾಡ ಅಂತ ಫೋನ್ ಮಾಡು."