ಲಕೋಟೆಯಲ್ಲಿ ಬಂದ ರೆಕ್ಕೆಗಳು

ಅಮೆರಿಕದ ಮನ್ರೋದಲ್ಲಿ ನಮ್ಮ ಪಕ್ಕದ ಮನೆಯ ಅಂಕಲ್ ಮೊಟ್ಟೆಯನ್ನೂ ಮುಟ್ಟಿದವರಲ್ಲ. ಆದರೆ ವನ್ಯಜೀವಿ ಇಲಾಖೆಯಲ್ಲಿ ಅವರ ಕೆಲಸ ಬೇಟೆಯ ವಾರ್ಷಿಕ ವರದಿ ಬರೆಯುವುದು. ಬೇಟೆಗಾರರು ತಾವು ಹೊಡೆದ ಪ್ರತಿ ಕಾಡು ಬಾತುಕೋಳಿಯ ಒಂದು ರೆಕ್ಕೆಯನ್ನು ಲಕೋಟೆಯಲ್ಲಿಟ್ಟು ಇಲಾಖೆಗೆ ಕಳಿಸುತ್ತಿದ್ದರು. ಚಳಿಗಾಲದಲ್ಲಿ ಅಂಕಲ್ ಅವನ್ನು ಮನೆಯ ಗರಾಜಿಗೆ ತಂದು, ಗರಿಯ ತುದಿಯನ್ನು ಬೆರಳಿನಿಂದ ಸವರಿ ನೋಡಿ, ಆ ವರ್ಷ ಹುಟ್ಟಿದ ಮರಿಗಳದನ್ನು ಎಡಕ್ಕೆ, ಹಳೆಯ ಹಕ್ಕಿಗಳದನ್ನು ಬಲಕ್ಕೆ ಇಡುತ್ತಿದ್ದರು. ನಾನಂತೂ ಆ ವಾಸನೆಗೆ ಬಾಗಿಲಲ್ಲೇ ನಿಂತು ನೋಡುತ್ತಿದ್ದೆ.

"ಎಷ್ಟು ಸತ್ವು ಅನ್ನೋದಲ್ಲಮ್ಮ, ಎಷ್ಟು ಹುಟ್ಟಿದ್ವು ಅನ್ನೋದು ಇಂಪಾರ್ಟೆಂಟ್," ಎನ್ನುತ್ತಿದ್ದರು. ಕೆಲಸ ಮುಗಿಸಿ, ಸ್ಮಶಾನದಿಂದ ಬಂದವರಂತೆ ತಲೆಗೆ ಸ್ನಾನ ಮಾಡಿಯೇ ಅಡುಗೆಮನೆಗೆ ಕಾಲಿಡುತ್ತಿದ್ದರು.

ವರ್ಷದಿಂದ ವರ್ಷಕ್ಕೆ ಎಡಗಡೆಯ ಸಾಲು ಗಿಡ್ಡವಾಗುತ್ತಾ ಬಂತು. ಒಂದು ಚಳಿಗಾಲ ನಾನು ಹುಳಿ ಕೊಡಲು ಹೋದಾಗ ಮೇಜಿನ ಎಡಭಾಗ ಪೂರ್ತಿ ಖಾಲಿಯಿತ್ತು. ಅಂಕಲ್ ಕೊನೆಯ ರೆಕ್ಕೆಯನ್ನು ದೀಪದ ಕೆಳಗೆ ಮತ್ತೆ ಮತ್ತೆ ತಿರುಗಿಸಿ ನೋಡಿ, ಅದನ್ನೂ ಬಲಕ್ಕಿಟ್ಟರು.

"ಸ್ನಾನ ಮಾಡ್ಕೊಂಡ್ ಬನ್ನಿ, ಊಟ ರೆಡಿ," ಒಳಗಿನಿಂದ ಆಂಟಿ ಕೂಗಿದರು.

ಅಂಕಲ್ ಏಳಲಿಲ್ಲ.

"ಸತ್ತಿದ್ದಕ್ಕೆ ಸ್ನಾನ ಮಾಡಬಹುದು," ಎಂದರು, ನನ್ನತ್ತ ತಿರುಗದೆ. "ಹುಟ್ಟದೇ ಇದ್ದಿದ್ದಕ್ಕೆ ಏನ್ ಮಾಡ್ಬೇಕಮ್ಮ?"