ಟೇಪು ಹಿಡಿಯದ ಕಟಿಂಗ್ ಮಾಸ್ಟರ್

ಕಟಿಂಗ್ ಮಾಸ್ಟರ್ ಕೈಯಲ್ಲಿ ಅಳತೆ ಟೇಪು ಕಂಡವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಅವನ ಎದೆ, ಭುಜ, ತೋಳು ಎಲ್ಲವೂ ಅವರ ಕಣ್ಣಲ್ಲಿ ಅಚ್ಚಾಗಿಬಿಡುತ್ತಿದ್ದವು.

“ಟೇಪು ಇರೋದು ಕಣ್ಣಿನ ಮೇಲೆ ನಂಬಿಕೆ ಇಲ್ಲದವರಿಗೆ” ಎನ್ನುತ್ತಿದ್ದರು. “ನೀವು ಆಚೆ ರಸ್ತೆಯಲ್ಲಿ ನಿಂತು ಒಂದು ಸಲ ಕೆಮ್ಮಿ ಸಾಕು. ಕೆಮ್ಮಿನಲ್ಲೇ ಎದೆಯಳತೆ ಹೇಳ್ತೀನಿ.”

ಒಮ್ಮೆ ಬರೀ ಫೋನಿನಲ್ಲಿ ಮಾತಾಡಿದವನಿಗೆ ಸೂಟು ಕತ್ತರಿಸಿದ್ದರಂತೆ. ಅದು ಎಷ್ಟು ಚೆನ್ನಾಗಿ ಕೂತಿತೆಂದರೆ, ಅವನು ಸ್ನಾನಕ್ಕೂ ಅದನ್ನು ಬಿಚ್ಚದೆ ಹೆಂಡತಿಯ ಹತ್ತಿರ ಬೈಸಿಕೊಂಡನಂತೆ. ಈ ಕತೆಯನ್ನು ಮಾಸ್ಟರ್ ಹೇಳುವಾಗಲೆಲ್ಲ ಸೂಟಿಗೆ ಒಂದೊಂದು ಜೇಬು ಹೆಚ್ಚುತ್ತಿತ್ತು. “ನನ್ನ ಕತ್ತರಿ ತಪ್ಪಿದ ದಿನ ಈ ಬೀದಿಯಲ್ಲಿ ಎಲ್ಲರೂ ಹಾಸಿಗೆ ಹೊದಿಕೆ ಸುತ್ತಿಕೊಂಡು ಓಡಾಡಬೇಕಾಗುತ್ತೆ” ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು.

ಇಷ್ಟು ಅಗಲದ ಬಾಯಿಯಿಂದ ಒಂದು ವಿಷಯ ಮಾತ್ರ ಹೊರಬೀಳುತ್ತಿರಲಿಲ್ಲ: ಅವರ ತಲೆನೋವು.

ಅದು ಬರುವ ಮುಂಚೆ ಎಡಗಣ್ಣಿನ ಮೂಲೆಯಲ್ಲಿ ಒಂದು ಮಿಣುಕು ಗೆರೆ ಏಳುತ್ತಿತ್ತು. ಹಲ್ಲು ಹಲ್ಲಿನ ಕತ್ತರಿಯಿಂದ ಕತ್ತರಿಸಿದ ಬಟ್ಟೆಯ ಅಂಚಿನ ಹಾಗೆ ಅಂಕುಡೊಂಕು. ಗೆರೆ ಅಗಲವಾಗುತ್ತ ಬಂದು ಅರ್ಧ ಲೋಕವನ್ನೇ ನುಂಗುತ್ತಿತ್ತು. ಎದುರಿಗೆ ನಿಂತವರ ಮುಖದಲ್ಲಿ ಒಂದು ಕೆನ್ನೆ ಇರುತ್ತಿತ್ತು, ಇನ್ನೊಂದು ಇರುತ್ತಿರಲಿಲ್ಲ. ಆಮೇಲೆ ತಲೆಯ ಒಂದು ಪಕ್ಕಕ್ಕೆ ಯಾರೋ ಹೊಲಿಗೆ ಯಂತ್ರ ಇಟ್ಟು ಪೆಡಲು ಒತ್ತಿದಂತೆ ನೋವು ಶುರು. ಬೆಳಕು ಬೇಡ, ಸದ್ದು ಬೇಡ, ಇಸ್ತ್ರಿಯ ಹಬೆಯ ವಾಸನೆ ಬೇಡ. ಹಿತ್ತಲ ತೊಟ್ಟಿಯ ಹತ್ತಿರ ಕರುಳು ಕಿತ್ತು ಬರುವಂತೆ ವಾಂತಿ.

ಹೊಟ್ಟೆಯ ಕತೆಯೂ ಹಳೆಯದೇ. ಅದು ಒಂದು ವಾರ ಮುಷ್ಕರ ಹೂಡಿದರೆ ಇನ್ನೊಂದು ವಾರ ಓವರ್‌ಟೈಮ್ ಮಾಡುತ್ತಿತ್ತು. ಉಬ್ಬುವುದು, ಹಿಂಡುವುದು, ಗುಡುಗುವುದು. ಆ ಗುಡುಗಿಗೆ ಎದುರುಮನೆಯಾಕೆ ಒಣಹಾಕಿದ ಬಟ್ಟೆ ಒಳಗೆ ತಂದದ್ದೂ ಉಂಟು. ಮಾಸ್ಟರ್ ತಲೆಗೊಂದು ಗುಳಿಗೆ, ಹೊಟ್ಟೆಗೊಂದು ಪುಡಿ ನುಂಗಿ, ಏನೂ ಆಗದವರಂತೆ ಕತ್ತರಿ ಹಿಡಿಯುತ್ತಿದ್ದರು. ಅಂಗಡಿ ಹೆಂಡತಿಯ ಅಣ್ಣನದು. ಭಾವನ ಮುಂದೆ ಸೀಕು ಎಂದು ಒಪ್ಪಿಕೊಳ್ಳುವುದಕ್ಕಿಂತ ಸಾಯುವುದು ಸುಲಭ ಎಂದು ಅವರ ಲೆಕ್ಕ.

ಬ್ಯಾಂಡು ತಂಡದವರ ಕೆಂಪು ಕೋಟುಗಳ ಕೆಲಸ ಬಂದಾಗ ಆ ಲೆಕ್ಕ ಕೈಕೊಟ್ಟಿತು.

ಆ ಬಟ್ಟೆಗೆ ಮುಖ ಬೇರೆ, ಬೆನ್ನು ಬೇರೆ. ವ್ಯತ್ಯಾಸ ಒಂದಿಷ್ಟು ಹೊಳಪಿನದು ಮಾತ್ರ. ಪದರಗಳನ್ನು ಮುಖಕ್ಕೆ ಮುಖ, ಬೆನ್ನಿಗೆ ಬೆನ್ನು ಬರುವಂತೆ ಹಾಸಿದರೆ ಒಂದೇ ಕಚ್ಚಿನಲ್ಲಿ ಕೋಟಿನ ಎಡಗೈಯೂ ಸಿಗುತ್ತದೆ, ಬಲಗೈಯೂ ಸಿಗುತ್ತದೆ. ಅಂದು ಮೇಜಿನ ಮೇಲಿನ ಟ್ಯೂಬ್‌ಲೈಟು ಪಟಪಟ ಎನ್ನುತ್ತಿತ್ತು, ಕಣ್ಣಲ್ಲಿ ಹಲ್ಲುಗೆರೆ ಕುಣಿಯುತ್ತಿತ್ತು. ಮಾಸ್ಟರ್ ಕಣ್ಣಿನ ಮೇಲಿನ ನಂಬಿಕೆಯಿಂದಲೇ ಪದರ ಹಾಸಿದರು, ಕತ್ತರಿ ಓಡಿಸಿದರು, ಮೇಜಿನ ಕೆಳಗೆ ತುಂಡು ಬಟ್ಟೆಗಳ ರಾಶಿಯ ಮೇಲೆ ಮುಖ ಮುಚ್ಚಿ ಮಲಗಿದರು.

ಮರುದಿನ ಹೊಲಿಯುವವನೊಬ್ಬ ಕೂಗಿದ: “ಮಾಸ್ಟ್ರೇ, ಬಲಗೈ ಎಲ್ಲಿ?”

“ಎಡಗೈ ಪಕ್ಕದಲ್ಲೇ ಇರುತ್ತೆ ಕಣೋ. ನಿಂಗೆ ಹುಟ್ಟಿದಾಗಿಂದ ಎಲ್ಲಿದೆಯೋ ಅಲ್ಲೇ ನೋಡು.”

ನೋಡಿದರು. ಕಟ್ಟು ಬಿಚ್ಚಿದರು, ಇನ್ನೊಂದು ಬಿಚ್ಚಿದರು. ಬಟ್ಟೆಯ ಮುಖವೆಲ್ಲ ಒಂದೇ ಕಡೆಗೆ. ಇಡೀ ತಂಡಕ್ಕೆ ಬರೀ ಎಡಗೈಗಳು. ಯಂತ್ರಗಳು ಒಂದೊಂದಾಗಿ ನಿಂತವು. ಗುಂಡಿ, ಕಾಜಾ ಹಾಕುವ ಮುದುಕಿಯನ್ನು ಎಲ್ಲರೂ ಕಾಜಾ ಅಜ್ಜಿ ಎನ್ನುತ್ತಿದ್ದರು. ಅವಳು ಸೂಜಿ ಬಾಯಿಯಿಂದ ತೆಗೆದು, “ಡೋಲು ಬಾರಿಸೋಕೆ ಒಂದು ಕೈ ಸಾಕು ಬಿಡ್ರಪ್ಪ” ಎಂದಳು. ಯಾರೂ ನಗಲಿಲ್ಲ.

ಭಾವ ಬಂದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಮಾಸ್ಟ್ರೇ, ಕತ್ತರಿ ಇಲ್ಲಿಡಿ. ತಲೆ ಸರಿಯಾಗೋವರೆಗೂ ಅಜ್ಜಿ ಪಕ್ಕ ಕೂತು ಗುಂಡಿ ಹಾಕಿ.”

“ಯಾವಾಗ್ಲೋ ಒಂದ್ಸಲ...”

“ಒಂದ್ಸಲ ಅಲ್ಲ ಅಂತ ನನಗೂ ಗೊತ್ತು. ಮೇಜಿನ ಕೆಳಗೆ ಗೊರಕೆ ಹೊಡೆಯೋದು ಇಲಿ ಅಂದ್ಕೊಂಡಿದ್ದೀನಾ?”

ಬೇರೆ ಯಾರೂ ಮುಟ್ಟದಿದ್ದ ಆ ಕತ್ತರಿ ಆಗಷ್ಟೇ ಕೆಲಸಕ್ಕೆ ಸೇರಿದ ಹೊಸಬನೊಬ್ಬನ ಕೈಗೆ ಹೋಯಿತು. ಹೊಸಬ ಟೇಪು ಹಿಡಿದೇ ಕೆಲಸ ಮಾಡುತ್ತಿದ್ದ. ಅವನು ಕತ್ತರಿಸುವ ಕರಕರ ಸದ್ದು ಕಿವಿಗೆ ಬಿದ್ದಾಗಲೆಲ್ಲ ಮಾಸ್ಟರ್ ಬೆರಳಿಗೆ ಸೂಜಿ ಚುಚ್ಚಿಕೊಳ್ಳುತ್ತಿದ್ದರು.

ಇನ್ನು ಡಾಕ್ಟರಿಗೆ ಹೋಗದೆ ದಾರಿಯಿರಲಿಲ್ಲ. ತಲೆ ಡಾಕ್ಟರೂ ಹೊಟ್ಟೆ ಡಾಕ್ಟರೂ ಒಂದೇ ಕಟ್ಟಡದಲ್ಲಿದ್ದರು. ತಲೆಯವರು ಮಹಡಿಯಲ್ಲಿ, ಹೊಟ್ಟೆಯವರು ಕೆಳಗೆ. ಕಟ್ಟಡ ಕಟ್ಟಿದವನಿಗಾದರೂ ಮನುಷ್ಯನ ಮೈ ಹೇಗಿರುತ್ತದೆಂದು ತಿಳಿದಿತ್ತು. ಮೇಲಿನವರು ನೋವಿನ ಗುಳಿಗೆ ಬರೆದು, “ಹೊಟ್ಟೆ ನಮ್ಮದಲ್ಲ, ಕೆಳಗೆ ತೋರಿಸಿ” ಎಂದರು. ಕೆಳಗಿನವರು “ಈ ಗುಳಿಗೆ ಕೊಟ್ಟವರು ಯಾರ್ರೀ?” ಎಂದು ಅದನ್ನು ನಿಲ್ಲಿಸಿ, “ತಲೆ ನಮ್ಮದಲ್ಲ, ಮೇಲೆ ತೋರಿಸಿ” ಎಂದರು. ಗುಳಿಗೆ ನುಂಗಿದರೆ ಹೊಟ್ಟೆಗೆ ಬೆಂಕಿ, ಬಿಟ್ಟರೆ ತಲೆಗೆ ಬೆಂಕಿ. ಮಾಸ್ಟರ್ ಹತ್ತಿ ಇಳಿದು ಮೆಟ್ಟಿಲಿನ ಕಲ್ಲು ಸವೆದು ಇಳಿಜಾರಾಯಿತು.

“ನಂಗೆ ಕುತ್ತಿಗೆ ಅನ್ನೋದೊಂದಿದೆ, ಅದು ಇವೆರಡನ್ನೂ ಜೋಡಿಸುತ್ತೆ ಅನ್ನೋದೇ ಇವರಿಗೆ ಮರೆತುಹೋಗಿದೆ ಕಣೆ” ಎಂದು ಹೆಂಡತಿಗೆ ಹೇಳಿದರು. ಆಗಿನ್ನೂ ತಮಾಷೆ ಉಳಿದಿತ್ತು.

ಆಮೇಲೆ ಅದೂ ಉಳಿಯಲಿಲ್ಲ. ನೋವು ಒಂದು ಸಲ ಬಂದು ಹೋಗುವ ಮೊದಲೇ ಇನ್ನೊಂದು ಬಾಗಿಲು ತಟ್ಟುತ್ತಿತ್ತು. ಏನು ತಿಂದರೂ ಭಯ, ತಿನ್ನದಿದ್ದರೂ ಭಯ. ಗುಂಡಿ ಹಾಕುತ್ತ ಹಾಕುತ್ತ ಸೂಜಿಯ ಕಣ್ಣು ಮಾಯವಾಗುತ್ತಿತ್ತು. ಅಜ್ಜಿ ದಾರ ಪೋಣಿಸಿ ಕೊಡುತ್ತಿದ್ದಳು. ಒಂದು ಮಧ್ಯಾಹ್ನ ಮನೆಗೆ ಬಂದವರೇ ಕಿಟಕಿಗೆ ಹೊದಿಕೆ ಬಿಗಿದು, ಗೋಡೆಗೆ ಹಣೆ ಒತ್ತಿ ನಿಂತುಬಿಟ್ಟರು.

“ನನ್ನ ಕೈಲಿ ಆಗಲ್ಲ” ಎಂದರು. “ಈ ತಲೆ ಬೇಡ. ಹೊಟ್ಟೆ ಬೇಡ. ಯಾರಾದ್ರೂ ತಗೊಂಡು ಹೋಗಲಿ. ನಿಜವಾಗ್ಲೂ ಆಗ್ತಿಲ್ಲ.”

ಹೆಂಡತಿ ಒದ್ದೆ ಬಟ್ಟೆ ತಂದು ಅವರ ಕುತ್ತಿಗೆಯ ಮೇಲಿಟ್ಟಳು. ಬಗ್ಗಿ ನೋಡಿದರೆ ಗಂಡನ ಪ್ಯಾಂಟಿನ ಕೊಕ್ಕೆ ಮತ್ತೆ ಕಿತ್ತುಬಂದು ನೇತಾಡುತ್ತಿತ್ತು.

“ಇದು ಯಾವಾಗ ಕಿತ್ತುಹೋಯ್ತು?”

“ನಿನ್ನೆ. ಉಸಿರಾಡಿದೆ, ಕಿತ್ತುಹೋಯ್ತು. ಈಗ ಕೊಕ್ಕೆ ಚಿಂತೆ ನಿಂಗೆ!”

“ಹೋದ ಸಲಾನೂ ಹೀಗೇ ಆಯ್ತು ರೀ. ಕೊಕ್ಕೆ ಹೊಲಿದು ಕೊಡ್ತೀನಿ, ಮಾರನೇ ದಿನ ನೀವು ಕತ್ತಲೆ ಕೋಣೆ. ಅದರ ಹಿಂದಿನ ಸಲಾನೂ. ಹೊಟ್ಟೆ ಊದುತ್ತೆ, ಕೊಕ್ಕೆ ಹೋಗುತ್ತೆ, ಆಮೇಲೆ ತಲೆ ಹೋಗುತ್ತೆ.”

ಅವಳೇ ಗಂಡನನ್ನು ಎಳೆದುಕೊಂಡು ಹೊಟ್ಟೆ ಡಾಕ್ಟರ ಮುಂದೆ ಕೂರಿಸಿದಳು. ಡಾಕ್ಟರು ಮೇಲೆ ಬೆರಳು ತೋರಿಸುವ ಮೊದಲೇ ಹೇಳಿದಳು: “ಮೇಲೆ ಹೋದ್ರೆ ಕೆಳಗೆ, ಕೆಳಗೆ ಬಂದ್ರೆ ಮೇಲೆ. ನಮ್ಮನೆಯವರೇನು ಲಿಫ್ಟಾ ಡಾಕ್ಟ್ರೇ?”

ಡಾಕ್ಟರಿಗೆ ನಗು ಬಂತು. ಆಮೇಲೆ ನಗು ಬಿಟ್ಟು ಕೊಕ್ಕೆಯ ಕತೆಯನ್ನು ಪೂರ್ತಿ ಕೇಳಿದರು.

“ಇವೆರಡೂ ಒಬ್ಬರಲ್ಲೇ ಜೊತೆಗಿರೋದನ್ನ ನಾವು ತುಂಬ ನೋಡ್ತೀವಮ್ಮ. ಹೊಟ್ಟೆಗೂ ಮಿದುಳಿಗೂ ನರದ ದಾರಿ ಇದೆ, ಸುದ್ದಿ ಎರಡು ಕಡೆಗೂ ಓಡಾಡುತ್ತೆ. ನಂಟು ಇರಬಹುದು. ಆದರೆ ಇದು ಅದನ್ನ ಎಬ್ಬಿಸುತ್ತಾ, ಅದು ಇದನ್ನ ಎಬ್ಬಿಸುತ್ತಾ, ಇಬ್ಬರನ್ನೂ ಬೇರೆ ಯಾರೋ ಎಬ್ಬಿಸ್ತಾರಾ, ಅದಿನ್ನೂ ಸರಿಯಾಗಿ ಗೊತ್ತಿಲ್ಲ. ನೋವಿನ ಗುಳಿಗೆಯನ್ನ ಪೆಪ್ಪರ್‌ಮಿಂಟಿನ ಹಾಗೆ ಚಪ್ಪರಿಸಬೇಡಿ. ಅದು ಹೊಟ್ಟೆ ಕೆಡಿಸುತ್ತೆ, ಅತಿಯಾದ್ರೆ ತಲೆನೋವನ್ನೂ ಹೆಚ್ಚಿಸುತ್ತೆ. ಮೇಲಿನ ಡಾಕ್ಟರ ಜೊತೆ ಕೂತು ಇಬ್ಬರೂ ಸೇರಿ ಔಷಧಿ ಬರೀತೀವಿ.”

“ಗುಣ ಆಗುತ್ತಾ?” ಮಾಸ್ಟರ್ ದನಿ ಬಾವಿಯೊಳಗಿಂದ ಬಂದಂತಿತ್ತು.

“ಮಾತು ಕೊಡಲ್ಲ. ಕಡಿಮೆ ಆಗಬಹುದು.”

ಗುಣವಾಗಲಿಲ್ಲ. ಒಂದಿಷ್ಟು ಕಡಿಮೆಯಾಯಿತು. ಹೆಂಡತಿ ಬೆಳಗ್ಗೆ ಎದ್ದ ತಕ್ಷಣ ಗಂಡನ ಸೊಂಟಕ್ಕೆ ಟೇಪು ಸುತ್ತುವುದು ಮನೆಯ ರೂಢಿಯಾಯಿತು. ಜನ್ಮದಲ್ಲಿ ಟೇಪು ಮುಟ್ಟದವರು ಕೈ ಮೇಲೆತ್ತಿ, ಶಾಲೆಗೆ ಹೊರಟ ಮಗುವಿನಂತೆ ನಿಲ್ಲುತ್ತಿದ್ದರು. ಸೊಂಟ ಊದಿದ ಬೆನ್ನಿಗೇ ತಲೆನೋವು ಎಲ್ಲ ಸಲವೂ ಬರುತ್ತಿರಲಿಲ್ಲ, ಆದರೆ ಕಡೆಗಣಿಸುವಷ್ಟು ವಿರಳವೂ ಆಗಿರಲಿಲ್ಲ.

ಆ ಧೈರ್ಯದ ಮೇಲೆ ಮಾಸ್ಟರ್ ಭಾವನ ಮುಂದೆ ನಿಂತರು. ಮುಚ್ಚಿಟ್ಟಿದ್ದನ್ನೆಲ್ಲ ಹೇಳಿ ಕೊನೆಗೆ ಬೇಡಿಕೊಂಡರು: “ಸೊಂಟ ಸರಿಯಿದ್ದ ದಿನ ಕತ್ತರಿ ಕೊಡಿ. ಊದಿದ ದಿನ ನಾನಾಗೇ ಗುಂಡಿ ಹಾಕ್ತೀನಿ. ಕತ್ತರಿ ಇಲ್ಲದೆ ನಾನು ಏನೂ ಅಲ್ಲ ಭಾವ.”

ಭಾವ ಹೊಸಬನ ಕೈಯಿಂದ ಕತ್ತರಿ ತೆಗೆದು ಮೇಜಿನ ಮೇಲಿಟ್ಟರು.

ಕತ್ತರಿ ಮರಳಿ ಬಂದ ವಾರದಲ್ಲೇ ಬ್ಯಾಂಡಿನವರು ಹೊಸ ಕೋಟಿನ ಕೆಂಪು ಬಟ್ಟೆ ತಂದಿಟ್ಟರು. ಅಂದು ಬೆಳಗ್ಗೆ ಟೇಪು ಸೊಂಟದ ಅಳತೆಯನ್ನು ದಿನದ್ದಕ್ಕಿಂತ ಹೆಚ್ಚು ತೋರಿಸಿತ್ತು. ಮಾಸ್ಟರ್ ಮೇಜಿನ ಮುಂದೆ ನಿಂತು ಬಟ್ಟೆಯನ್ನು ಸವರಿದರು. ಕೈ ಬೇಕು ಬೇಕು ಎನ್ನುತ್ತಿತ್ತು. ಕಣ್ಣಲ್ಲಿ ಗೆರೆ ಇನ್ನೂ ಎದ್ದಿರಲಿಲ್ಲ. ಯಾರಿಗೂ ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಕತ್ತರಿಯನ್ನು ಹೊಸಬನ ಕಡೆ ಸರಿಸಿ, ಅಜ್ಜಿಯ ಪಕ್ಕ ಹೋಗಿ ಕುಳಿತರು.

“ಏನ್ ಮಾಸ್ಟ್ರೇ ಇದು?” ಭಾವ ಗಲ್ಲಾಪೆಟ್ಟಿಗೆಯಿಂದಲೇ ಕೂಗಿದರು. “ಬ್ಯಾಂಡಿನವರು ಬಾಗಿಲಲ್ಲಿ ನಿಂತಿದ್ದಾರೆ. ಚೆನ್ನಾಗೇ ಕಾಣ್ತಿದ್ದೀರಲ್ಲ, ಕತ್ತರಿಸಿ!”

“ಸೊಂಟ ಊದಿದೆ ಭಾವ. ಇವತ್ತು ಆಗಲ್ಲ.”

ಭಾವ ಇಡೀ ಅಂಗಡಿಗೆ ಕೇಳುವಂತೆ ನಕ್ಕರು. “ಕೇಳಿದ್ರೇನ್ರೋ? ನಮ್ಮ ಮಾಸ್ಟ್ರ ತಲೆ ಹೊಟ್ಟೆಯೊಳಗಿದೆಯಂತೆ!”

ಮಾಸ್ಟರ್ ದಾರದ ತುದಿ ಕಚ್ಚಿ ಕಡಿದರು. “ನನ್ನದು ಹೊಟ್ಟೆಯಲ್ಲಾದ್ರೂ ಸಿಕ್ಕಿತು ಭಾವ. ನಿಮ್ಮದನ್ನ ಎಲ್ಲಿ ಹುಡುಕೋದು ಅಂತ ಆ ಇಬ್ಬರು ಡಾಕ್ಟ್ರಿಗೂ ಗೊತ್ತಾಗ್ತಿಲ್ಲವಂತೆ.”